ಚಿಕ್ಕಪ್ಪನ ಹಿಟ್ಟಿನ ಗಿರಣಿಯನ್ನು ಗೂಗಲ್ ಮ್ಯಾಪ್‌ನಲ್ಲಿ ಸರಿಪಡಿಸಿದ್ದು

ಚಿಕ್ಕಪ್ಪನ ಗಿರಣಿ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ, 50 ಅಡಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಕ್ರಾಸ್‌ನಲ್ಲಿ. ರಾಗಿ, ಗೋಧಿ, ಅಕ್ಕಿಗೆ ಒಂದು ಮಷೀನು. ಖಾರದ ಪುಡಿ, ಸಾಂಬಾರ್ ಪುಡಿಗೆ ಬೇರೆ ಮಷೀನು. ಹಳಬರು ಕಣ್ಣು ಮುಚ್ಚಿಕೊಂಡು ಬರುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಫೋನ್ ತೆಗೆದು ಹುಡುಕುತ್ತಾರೆ, ಅವರಿಗೆ ನಮ್ಮ ಗಿರಣಿ ಸಿಗುತ್ತಲೇ ಇರಲಿಲ್ಲ. ಸಿಕ್ಕರೂ ಜಾಗ ತೋರಿಸುವ ಪಿನ್ ಎರಡು ಕ್ರಾಸ್ ಆಚೆ ಯಾರದೋ ಮನೆ ಗೇಟಿನ ಮುಂದೆ. ಐದು ಕೆಜಿ ರಾಗಿ ಕೈಲಿ ಹಿಡಿದುಕೊಂಡು ಬಿಸಿಲಲ್ಲಿ ಅಲ್ಲಿಗೆ ಹೋಗಿ ನಿಂತವರಿಗೆ ಸಿಟ್ಟು ಬರದೇ ಇರುತ್ತಾ?

ಅದನ್ನು ಸರಿ ಮಾಡಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ಮನೆಯವರದ್ದೋ ಪಕ್ಕದವರದ್ದೋ ಸಣ್ಣ ಅಂಗಡಿ ಇದ್ದರೆ ನಿಮಗೂ ಇದೇ ಕೆಲಸ ಬೀಳಬಹುದು. ಒಂದು ಪ್ರಿಂಟ್ ಹಾಕಿಸಿದ್ದು ಬಿಟ್ಟರೆ ದುಡ್ಡೇನೂ ಖರ್ಚಾಗಿಲ್ಲ. ಅಂಗಡಿಯ ವಿವರವನ್ನು ಗೂಗಲ್‌ನಲ್ಲೂ ಮ್ಯಾಪ್‌ನಲ್ಲೂ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಅಂತ ಶುರುವಾದದ್ದು ಇದೇ, 2021ರಲ್ಲಿ ಹೆಸರು ಬದಲಾಯಿತು. ಆ ಹಳೇ ಆ್ಯಪ್ ಈಗ ಇಲ್ಲ. ಅದನ್ನು ತೋರಿಸುವ ಹಳೇ ವಿಡಿಯೊಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯ ಜಿಮೇಲ್‌ನಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲಿ ಅಂಗಡಿ ಹೆಸರು ಹೊಡೆದರೆ ತಿದ್ದುವ ಬಟನ್‌ಗಳು ಅಲ್ಲೇ ಬರುತ್ತವೆ.

ಮೊದಲು ಏನೇನು ಕೆಟ್ಟಿದೆ ಅಂತ ನೋಡಿದ್ದು

ನನ್ನ ಫೋನ್‌ನಲ್ಲಿ ಹುಡುಕಿದರೆ ಗಿರಣಿ ಮೊದಲಿಗೇ ಬರುತ್ತದೆ, ಯಾಕಂದರೆ ನಾನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ನಂಬುವ ಹಾಗಿಲ್ಲ. ಹಾಗಾಗಿ ಇನ್‌ಕಾಗ್ನಿಟೊ (ನಮ್ಮ ಹಳೇ ಹುಡುಕಾಟ ಲೆಕ್ಕಕ್ಕೆ ಬಾರದ ಕಿಟಕಿ) ತೆಗೆದು, ಗಿರಣಿ ಹತ್ತಿರ ಒಮ್ಮೆ, ರಾಮಾಂಜನೇಯ ಗುಡ್ಡದ ಕೆಳಗೆ ಒಮ್ಮೆ, ಶ್ರೀನಗರ ಬಸ್ ಸ್ಟ್ಯಾಂಡ್ ಹತ್ತಿರ ಒಮ್ಮೆ ನಿಂತು ಹುಡುಕಿದೆ. ಜಾಗ ಬದಲಾದ ಹಾಗೆ ಪಟ್ಟಿಯೂ ಬದಲಾಗುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ಗೂಗಲ್ ತಾನೇ ಹೇಳಿಕೊಂಡಿದೆ. ಹುಡುಕಿದ ಮಾತಿಗೂ ಅಂಗಡಿಗೂ ಎಷ್ಟು ಹೊಂದುತ್ತದೆ, ಅಂಗಡಿ ಎಷ್ಟು ದೂರ, ಅದಕ್ಕೆ ಎಷ್ಟು ಹೆಸರಿದೆ ಅನ್ನುವ ಮೂರನ್ನು ನೋಡಿ ಪಟ್ಟಿ ಮಾಡುತ್ತದೆ. ದೂರವನ್ನು ನಾವು ಬದಲಾಯಿಸಕ್ಕಾಗಲ್ಲ. ಆದರೆ ಪಿನ್ನೇ ತಪ್ಪಿದ್ದರೆ ಆ ದೂರದ ಲೆಕ್ಕವೂ ತಪ್ಪು, ಅಲ್ವಾ?

ಕಂಡದ್ದು ಇಷ್ಟು. ಅಂಗಡಿಯ ಬಗೆ (ಕೆಟಗರಿ) "ದಿನಸಿ ಅಂಗಡಿ" ಅಂತ ಇತ್ತು. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಸಮ ತೆರೆದಿರುತ್ತದೆ ಅಂತ ತೋರಿಸುತ್ತಿತ್ತು, ನಿಜಕ್ಕೂ ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ. ನಂಬರ್ ಹಳೇದು. ಫೋಟೋದಲ್ಲಿ ಹಳೇ ಬೋರ್ಡು. ಇದೂ ಸಾಲದು ಅಂತ, ಗಿರಣಿ ಮೊದಲಿದ್ದ ಜಾಗದಲ್ಲಿ ಅದೇ ಹೆಸರಿನ ಇನ್ನೊಂದು ಪಿನ್, ಅದಕ್ಕೂ ಒಂದಷ್ಟು ರಿವ್ಯೂ.

ಕೌಂಟರ್ ಪಕ್ಕ ಕೂತು ಬರೆದುಕೊಂಡದ್ದು

ಇಡೀ ಕೆಲಸದಲ್ಲಿ ಜಾಸ್ತಿ ಪ್ರಯೋಜನ ಆಗಿದ್ದು ಇದರಿಂದ. ಭಾನುವಾರ ಬೆಳಿಗ್ಗೆ ಗಿರಣಿ ಗಿಜಿಗಿಜಿ ಅನ್ನುತ್ತದೆ. ಅವತ್ತು ಒಂದು ನೋಟ್‌ಬುಕ್ ಹಿಡಿದು ತೂಕದ ಮಷೀನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಬಂದವರು ಕೇಳಿದ್ದು, ಫೋನ್‌ನಲ್ಲಿ ಕೇಳಿದ್ದು, ಎಲ್ಲ ಅವರ ಮಾತಲ್ಲೇ ಬರೆದುಕೊಂಡೆ.

"ಖಾರದ ಪುಡಿ ಮಾಡ್ತೀರಾ?" "ಕರೆಂಟ್ ಇದ್ಯಾ, ಬರ್ಲಾ?" "ಒಂದೇ ಕೆಜಿ ಇದೆ, ಹಾಕ್ತೀರಾ?" "ಮಗೂಗೆ ರಾಗಿ ಸರಿ ಮಾಡ್ಬೇಕು, ನುಣ್ಣಗೆ ಆಗುತ್ತಾ?" "ಚಕ್ಕುಲಿ ಹಿಟ್ಟಿಗೆ ಉದ್ದು ಹುರ್ಕೊಂಡೇ ತರಬೇಕಾ?" "ಮಧ್ಯಾಹ್ನ ತೆಗೆದಿರ್ತೀರಾ?" ಒಬ್ಬರು ಹಿಂದಿಯಲ್ಲಿ ಆಟಾ ಚಕ್ಕಿ ಇದೇನಾ ಅಂತ ಕೇಳಿದರು. ಇನ್ನೊಬ್ಬ ಹೆಂಗಸು ತುಂಬ ಮೆಲ್ಲಗೆ ಕೇಳಿದರು: "ಗೋಧಿ ಹಾಕಿದ ಮಷೀನಲ್ಲೇ ರಾಗಿ ಹಾಕ್ತೀರಾ? ನಮ್ ಹುಡುಗನಿಗೆ ಗೋಧಿ ಆಗಲ್ಲ."

ಚಿಕ್ಕಪ್ಪ ಇದ್ದದ್ದು ಇದ್ದ ಹಾಗೆ ಹೇಳಿದರು. "ಅದೇ ಮಷೀನಮ್ಮಾ. ಬೆಳಿಗ್ಗೆ ತೊಳೆದು ಒರೆಸಿ ಮೊದಲು ರಾಗಿನೇ ಹಾಕ್ತೀನಿ, ಆದ್ರೂ ಒಂಚೂರೂ ಗೋಧಿ ಇರಲ್ಲ ಅಂತ ನಾನು ಹೇಳಲ್ಲ." ಆ ಮಾತನ್ನು ಹಾಗೇ ಬರೆದುಕೊಂಡೆ. ಆಮೇಲೆ ಪ್ರೊಫೈಲ್‌ಗೂ ಹಾಗೇ ಹೋಯಿತು. ನಾಲ್ಕು ಗಿರಾಕಿ ಜಾಸ್ತಿ ಬರಲಿ ಅಂತ ಇಂಥ ವಿಷಯವನ್ನು ಮುಚ್ಚಿಡಬಾರದು, ಮಗುವಿನ ಹೊಟ್ಟೆಗೆ ಹೋಗುವ ಹಿಟ್ಟು ಅದು.

ಬೀಗ ಯಾರ ಕೈಲಿದೆ

ತಿದ್ದಕ್ಕೆ ಹೋದರೆ ಪ್ರೊಫೈಲ್ ಬೇರೆ ಯಾರದೋ ಕೈಯಲ್ಲಿತ್ತು. ಹಲವು ವರ್ಷ ಹಿಂದೆ ಅಂಗಡಿ ಅಂಗಡಿ ಸುತ್ತಿ "ಗೂಗಲ್‌ನಲ್ಲಿ ಹಾಕಿಕೊಡ್ತೀವಿ" ಅಂತ ದುಡ್ಡು ತಗೊಂಡು ಹೋದ ಒಬ್ಬ ತನ್ನ ಮೇಲ್ ಐಡಿಯಲ್ಲೇ ಮಾಡಿದ್ದ. ಗೂಗಲ್ ಆ ಐಡಿಯ ಮೊದಲೆರಡು ಅಕ್ಷರ ಮಾತ್ರ ತೋರಿಸಿತು. ಚಿಕ್ಕಪ್ಪನ ಹತ್ತಿರ ಅವನ ನಂಬರ್ ಇತ್ತು, ಅದು ಚಾಲ್ತಿಯಲ್ಲಿ ಇರಲಿಲ್ಲ.

ಇಂಥ ಕಡೆ ಹೊಸದೊಂದು ಪ್ರೊಫೈಲ್ ಮಾಡಿಬಿಡೋಣ ಅನ್ನಿಸುತ್ತದೆ. ಬೇಡ. ಆಗ ಒಂದೇ ಅಂಗಡಿಗೆ ಮೂರು ಪಿನ್ ಆಗುತ್ತಿತ್ತು, ರಿವ್ಯೂಗಳೂ ಹಂಚಿಹೋಗುತ್ತಿದ್ದವು. ಅಲ್ಲೇ ಇರುವ "ರಿಕ್ವೆಸ್ಟ್ ಆ್ಯಕ್ಸೆಸ್" ಒತ್ತಿದರೆ ಈಗ ಹಿಡಿದುಕೊಂಡಿರುವವರಿಗೆ ಮೇಲ್ ಹೋಗುತ್ತದೆ. ಅವರಿಗೆ 3 ದಿನ ಸಮಯ. ಉತ್ತರ ಬರಲಿಲ್ಲ ಅಂದರೆ, ಅಂಗಡಿ ನಮ್ಮದೇ ಅಂತ ತೋರಿಸಿ ನಾವೇ ಪಡೆದುಕೊಳ್ಳುವ ದಾರಿ ತೆರೆಯಬಹುದು. ನಮಗೆ ತೆರೆಯಿತು. ತೋರಿಸುವುದು ವಿಡಿಯೊದಲ್ಲಿ.

ಈ ವಿಡಿಯೊ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಫೋನ್‌ನಲ್ಲಿ ಅಲ್ಲೇ ತೆಗೆಯಬೇಕು, ಮೊದಲೇ ತೆಗೆದಿಟ್ಟದ್ದು ನಡೆಯಲ್ಲ. ಮಧ್ಯ ಕಟ್ ಮಾಡುವ ಹಾಗಿಲ್ಲ. ಕನಿಷ್ಠ 30 ಸೆಕೆಂಡ್ ಇರಬೇಕು. ಮೂರು ವಿಷಯ ಕಾಣಬೇಕು: ಅಂಗಡಿ ಇರುವ ಜಾಗ, ಅಲ್ಲಿ ನಡೆಯುವ ಕೆಲಸ, ಅದು ನಿಮ್ಮದೇ ಅನ್ನುವುದಕ್ಕೆ ಗುರುತು.

ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ತೆಗೆದೆವು, ಬೇರೆಯವರ ಮುಖ ಅದರಲ್ಲಿ ಬರಬಾರದು. ನಾನು ಕ್ರಾಸ್ ಶುರುವಾಗುವ ಕಡೆ ಇರುವ ರಸ್ತೆ ಹೆಸರಿನ ಹಳದಿ ಬೋರ್ಡಿನಿಂದ ಹಿಡಿದೆ, ಪಕ್ಕದ ಟೈಲರ್ ಅಂಗಡಿ, ಎದುರಿನ ಹಾಲಿನ ಬೂತ್ ತೋರಿಸಿಕೊಂಡು ನಡೆದು ಬಂದೆ. ನಮ್ಮ ಬೋರ್ಡಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದೆ, ಅಕ್ಷರ ಮಸುಕಾದರೆ ಅವರಿಗೆ ಓದಕ್ಕಾಗಲ್ಲ. ಚಿಕ್ಕಪ್ಪ ಬಗ್ಗಿ ಎರಡೂ ಬೀಗ ತೆಗೆದು ಶಟರ್ ಎತ್ತಿದರು. ನಾವೇ ಮಾಲೀಕರು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಗುರುತು ಬೇಡ. ಒಳಗೆ ಹೋಗಿ ಮೇನ್ ಸ್ವಿಚ್ ಹಾಕಿದರು, ಬೆಲ್ಟ್ ತಿರುಗಿತು, ಒಂದು ಹಿಡಿ ರಾಗಿ ಹಾಕಿ ಕೆಳಗಿನ ಬಟ್ಟೆ ಚೀಲಕ್ಕೆ ಹಿಟ್ಟು ಬೀಳುವುದನ್ನೂ ಹಿಡಿದೆ. ಕೊನೆಗೆ ಗೋಡೆ ಮೇಲಿನ ಟ್ರೇಡ್ ಲೈಸೆನ್ಸ್‌ನಲ್ಲಿ ಅಂಗಡಿ ಹೆಸರು, ವಿಳಾಸ ಇರುವ ಭಾಗ. ಆಧಾರ್, ಬ್ಯಾಂಕ್ ಕಾಗದ ಇಂಥವು ಬೇಡವೇ ಬೇಡ. ನೋಡಿ ಒಪ್ಪಲು 5 ಕೆಲಸದ ದಿನದವರೆಗೆ ಹಿಡಿಯಬಹುದು ಅಂತ ಗೂಗಲ್ ಹೇಳುತ್ತದೆ. ನಮ್ಮದು ಅಷ್ಟರೊಳಗೇ ಆಯಿತು.

ಹೆಸರು, ಪಿನ್, ವಿಳಾಸ

ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರು ಗೂಗಲ್‌ನಲ್ಲೂ ಇರಬೇಕು. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದಾಗ ಚಿಕ್ಕಪ್ಪ ಹೊಸ ಬೋರ್ಡ್ ಬರೆಸಿದ್ದರು. ದೊಡ್ಡದಾಗಿ ಕನ್ನಡ, ಕೆಳಗೆ ಸಣ್ಣದಾಗಿ ಇಂಗ್ಲಿಷ್. ಆದರೆ ಮ್ಯಾಪ್‌ನಲ್ಲಿ ಇದ್ದದ್ದು ಹಳೇ ಬೋರ್ಡಿನ ಫೋಟೋ. ಗೂಗಲ್ ತಾನೇ ತೆಗೆದ ನಮ್ಮ ಬೀದಿಯ ಚಿತ್ರದಲ್ಲೂ (ಸ್ಟ್ರೀಟ್ ವ್ಯೂ) ಹಳೇ ಬೋರ್ಡೇ ಇದೆ, ಅದು ನಮ್ಮ ಕೈಯಲ್ಲಿಲ್ಲ. ಹೊಸ ಬೋರ್ಡಿನ ಫೋಟೋ ಹಾಕುವುದು ನಮ್ಮ ಕೈಯಲ್ಲಿದೆ, ಹಾಕಿದೆ.

ಹೆಸರಿನ ಜೊತೆ "ಬೆಸ್ಟ್ ಫ್ಲೋರ್ ಮಿಲ್ ಹನುಮಂತನಗರ" ಅಂತ ಸೇರಿಸಿ ಅಂತ ಹೇಳುವವರು ಇದ್ದಾರೆ. ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಸಸ್ಪೆಂಡ್ ಆಗಬಹುದು. ಸಸ್ಪೆಂಡ್ ಆದರೆ ಮತ್ತೆ ವಾಪಸ್ ತರುವ ಗೋಳು ಯಾರಿಗೆ ಬೇಕು. ಸೇರಿಸಲಿಲ್ಲ.

ಪಿನ್ ಸರಿಸುವುದು ಸುಲಭ. ವಿಳಾಸ ತಿದ್ದುವ ಕಡೆ ಮ್ಯಾಪ್ ತೆರೆದು, ಸ್ಯಾಟಲೈಟ್ ಚಿತ್ರ ಹಾಕಿಕೊಂಡು, ಪಿನ್ನನ್ನು ಎಳೆದು ಶೀಟಿನ ಚಾವಣಿ ಮೇಲೆ ಇಟ್ಟೆ. ಕಟ್ಟಡದ ಮಧ್ಯ ಇಡದೆ ಶಟರ್ ಇರುವ ಕಡೆಗೆ ಇಟ್ಟೆ. ಕಟ್ಟಡ ಎರಡು ರಸ್ತೆಗೆ ಬೆನ್ನು ಕೊಟ್ಟಿದ್ದರೆ ಮ್ಯಾಪ್ ಹಿಂದಿನ ಗಲ್ಲಿಗೆ ಕಳಿಸಿಬಿಡುತ್ತದೆ.

ವಿಳಾಸಕ್ಕೆ ಸಮಯ ಹಿಡಿಯಿತು. ಬೆಂಗಳೂರಿನಲ್ಲಿ ಮೇನು, ಕ್ರಾಸು, ಬ್ಲಾಕು, ಸ್ಟೇಜು ಅಂತ ಒಂದೇ ನಂಬರು ಬಡಾವಣೆಗೊಂದು ಇರುತ್ತದೆ. ನಮ್ಮ ಕ್ರಾಸಿನ ನಂಬರೇ ಪಕ್ಕದ ಶ್ರೀನಗರದಲ್ಲೂ ಇದೆ. ಹಳೇ ಪ್ರೊಫೈಲ್‌ನಲ್ಲಿ ಪಿನ್‌ಕೋಡ್ 560050 ಅಂತ ಇತ್ತು, ಅದು ಶ್ರೀನಗರದ್ದು. ನಮ್ಮದು 560019. ಬಡಾವಣೆ, ಪಿನ್‌ಕೋಡ್ ಎರಡನ್ನೂ ಸರಿ ಮಾಡಿದ ಮೇಲೆ ದಾರಿ ಸರಿಯಾಗಿ ತೋರಿಸಿತು. "ಗುಡ್ಡದ ಹತ್ತಿರ" ಅಂತ ವಿಳಾಸದಲ್ಲೇ ಗುರುತು ಹಾಕುವ ಅಭ್ಯಾಸ ನಮಗೆಲ್ಲ ಇದೆ, ಆದರೆ ಗೂಗಲ್‌ನ ವಿಳಾಸದ ಸಾಲಿನಲ್ಲಿ ಅದು ಬೇಡ, ವಿವರಣೆಯಲ್ಲಿ ಬರೆದರೆ ಸಾಕು.

ಮೊದಲಿದ್ದ ಜಾಗದ ಪಿನ್ನಿಗೆ "ಸಜೆಸ್ಟ್ ಆ್ಯನ್ ಎಡಿಟ್" ಒತ್ತಿ, ಇದು ಇನ್ನೊಂದರ ನಕಲು ಅಂತ ತಿಳಿಸಿದೆ. ಸ್ವಲ್ಪ ಕಾಯಿಸಿ ತೆಗೆದರು.

ನಾವು ಏನು ಮಾಡುತ್ತೇವೆ ಅಂತ ಹೇಳುವುದು

ಮುಖ್ಯ ಬಗೆಯನ್ನು "ದಿನಸಿ ಅಂಗಡಿ"ಯಿಂದ "ಫ್ಲೋರ್ ಮಿಲ್" ಮಾಡಿದೆ. ಒಂದೇ ಬದಲಾವಣೆಗೆ ಇಷ್ಟು ಫಲ ಬೇರೆಲ್ಲೂ ಸಿಗಲಿಲ್ಲ. ಶ್ರೀನಗರ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ಹುಡುಕಿದಾಗ ಮೊದಲು ಎಲ್ಲೂ ಕಾಣದೇ ಇದ್ದ ಗಿರಣಿ ಪಟ್ಟಿಯಲ್ಲಿ ಬಂತು. ಮುಖ್ಯವಾದದ್ದರ ಜೊತೆ ಇನ್ನೂ 9 ಬಗೆ ಸೇರಿಸಬಹುದು. ಚಿಕ್ಕಮ್ಮ "ಮಸಾಲೆ ಅಂಗಡಿ ಅಂತಾನೂ ಹಾಕೋ" ಅಂದರು. ನಾವು ಮಸಾಲೆ ಮಾರಲ್ಲ, ಅವರು ತಂದದ್ದನ್ನು ಪುಡಿ ಮಾಡಿಕೊಡುತ್ತೇವೆ ಅಷ್ಟೇ. ಇನ್ನೂರು ಗ್ರಾಂ ಧನಿಯಾ ಪುಡಿ ಕೊಳ್ಳಕ್ಕೆ ಬಂದವರನ್ನು ವಾಪಸ್ ಕಳಿಸಬೇಕಾಗುತ್ತದೆ. ಹಾಕಲಿಲ್ಲ.

ವಿವರಣೆಗೆ 750 ಅಕ್ಷರ ಜಾಗ ಇದೆ, ಲಿಂಕ್ ಹಾಕುವ ಹಾಗಿಲ್ಲ. ಅಲ್ಲಿ ಪದಗಳನ್ನು ತುರುಕಿದರೆ ಮೇಲೆ ಬರುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಅದು ಓದುವವರಿಗಾಗಿ ಇರುವ ಜಾಗ. ನೋಟ್‌ಬುಕ್ ತೆಗೆದು, ಜನ ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದೆ, ಅಷ್ಟೇ. ಕನ್ನಡದ ಭಾಗ ಹೀಗಿದೆ:

"ನೀವು ತಂದ ರಾಗಿ, ಗೋಧಿ, ಅಕ್ಕಿ, ಜೋಳ ಹಿಟ್ಟು ಮಾಡಿಕೊಡುತ್ತೇವೆ. ಒಂದು ಕೆಜಿ ಇದ್ದರೂ ತನ್ನಿ. ಖಾರದ ಪುಡಿ, ಸಾಂಬಾರ್ ಪುಡಿಗೆ ಬೇರೆ ಮಷೀನು ಇದೆ, ಅದು ಬೆಳಿಗ್ಗೆ ಮಾತ್ರ. ಮೆಣಸಿನಕಾಯಿ ಚೆನ್ನಾಗಿ ಒಣಗಿಸಿ, ತೊಟ್ಟು ತೆಗೆದು ತನ್ನಿ. ಮಕ್ಕಳ ರಾಗಿ ಸರಿಗೆ ನುಣ್ಣಗೆ ಮಾಡಿಕೊಡುತ್ತೇವೆ. ಗೋಧಿ ಮತ್ತು ರಾಗಿ ಒಂದೇ ಮಷೀನಿನಲ್ಲಿ ಆಗುತ್ತದೆ, ಗೋಧಿ ಆಗದವರು ದಯವಿಟ್ಟು ಗಮನಿಸಿ. ಕರೆಂಟ್ ಇಲ್ಲದಾಗ ಮಷೀನು ನಡೆಯುವುದಿಲ್ಲ, ಫೋನ್ ಮಾಡಿ ಬನ್ನಿ."

ಅದರ ಕೆಳಗೆ ಇದೇ ಮಾತನ್ನು ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ. ಸರ್ವಿಸ್ ಅನ್ನುವ ಭಾಗದಲ್ಲಿ ರಾಗಿ, ಗೋಧಿ, ಖಾರದ ಪುಡಿ, ಚಕ್ಕುಲಿ ಹಿಟ್ಟು ಅಂತ ಒಂದೊಂದನ್ನೂ ಬೇರೆಬೇರೆಯಾಗಿ ಸೇರಿಸಿದೆ.

ಫೋಟೋಗಳಲ್ಲಿ ಚಂದ ನೋಡಲಿಲ್ಲ, ಉಪಯೋಗ ನೋಡಿದೆ. ಕ್ರಾಸಿನಿಂದ ಅಂಗಡಿ ಹೇಗೆ ಕಾಣುತ್ತದೆ, ಸ್ಕೂಟರ್ ಎಲ್ಲಿ ನಿಲ್ಲಿಸಬಹುದು, ಎರಡು ಮಷೀನು ಬೇರೆಬೇರೆ ಇರುವುದು, ರೇಟ್ ಬೋರ್ಡು. ರೇಟ್ ಬದಲಾದರೆ ಆ ಫೋಟೋ ಅವತ್ತೇ ಬದಲಾಯಿಸಬೇಕು ಅಂತ ಚಿಕ್ಕಮ್ಮನಿಗೆ ಹೇಳಿಕೊಟ್ಟಿದ್ದೇನೆ.

ಟೈಮು ಮತ್ತು ರಿವ್ಯೂ

ಒಂದು ದಿನಕ್ಕೆ ಎರಡು ಹೊತ್ತಿನ ಟೈಮ್ ಹಾಕಬಹುದು. ಬೆಳಿಗ್ಗೆ 8:30ರಿಂದ 1:30, ಸಂಜೆ 4ರಿಂದ 8:30. ಭಾನುವಾರ ಬೆಳಿಗ್ಗೆ ಮಾತ್ರ. ಹುಡುಕುವ ಹೊತ್ತಿಗೆ ತೆರೆದಿರುವ ಅಂಗಡಿಗಳನ್ನು ಗೂಗಲ್ ಮುಂದೆ ತೋರಿಸುತ್ತದೆ, ಹಾಗಾಗಿ ಕೆಲವರು 24 ಗಂಟೆ ತೆರೆದಿದೆ ಅಂತ ಹಾಕಿಬಿಡುತ್ತಾರೆ. ಅದು ಗಿರಾಕಿಗೆ ಮಾಡುವ ಮೋಸ. ಹಬ್ಬದ ದಿನಗಳಿಗೆ ಸ್ಪೆಷಲ್ ಅವರ್ಸ್ ಅಂತ ಬೇರೆ ಇದೆ. ಯುಗಾದಿ, ಗೌರಿ ಗಣೇಶ, ದೀಪಾವಳಿಗೆ ಹಾಕಿಟ್ಟೆ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಇರುತ್ತದೆ, ಬುಲ್ ಟೆಂಪಲ್ ರಸ್ತೆ ಪೂರ್ತಿ ಜನ, ಆ ಕಡೆಯಿಂದ ಗಾಡಿಯಲ್ಲಿ ಬರುವುದು ಕಷ್ಟ. ಅವತ್ತು ಬೇಗ ಬಾಗಿಲು ಹಾಕುವುದು ಚಿಕ್ಕಪ್ಪನ ಪದ್ಧತಿ. ಅದೂ ಈಗ ಮ್ಯಾಪ್‌ನಲ್ಲಿ ಇದೆ.

ಹಳೇ ರಿವ್ಯೂಗಳಲ್ಲಿ ಒಂದು ಸ್ಟಾರ್ ಕೊಟ್ಟವರೆಲ್ಲ ಬರೆದದ್ದು ಹೆಚ್ಚುಕಡಿಮೆ ಒಂದೇ: ಬಂದಾಗ ಮುಚ್ಚಿತ್ತು. ಹಿಟ್ಟಿನ ಬಗ್ಗೆ ಒಬ್ಬರೂ ದೂರಿರಲಿಲ್ಲ. ಅವರಿಗೆಲ್ಲ ಚಿಕ್ಕಪ್ಪ ಹೇಳಿದ ಹಾಗೇ ಉತ್ತರ ಬರೆದೆ: "ನಿಮಗೆ ತೊಂದರೆ ಆಗಿದ್ದಕ್ಕೆ ಬೇಜಾರಾಗಿದೆ. ಮ್ಯಾಪ್‌ನಲ್ಲಿ ಟೈಮ್ ತಪ್ಪಿತ್ತು, ಈಗ ಸರಿ ಮಾಡಿದ್ದೇವೆ. ಮಧ್ಯಾಹ್ನ 1:30ರಿಂದ 4ರವರೆಗೆ ಇರುವುದಿಲ್ಲ. ಮತ್ತೆ ಬನ್ನಿ." ಅದರಲ್ಲಿ ಒಬ್ಬರು ಮತ್ತೆ ಬಂದು, ರಿವ್ಯೂ ತಿದ್ದಿ ನಾಲ್ಕು ಸ್ಟಾರ್ ಮಾಡಿದರು.

ಹೊಸ ರಿವ್ಯೂಗೆ ಪ್ರೊಫೈಲ್‌ನಲ್ಲೇ ಕ್ಯೂಆರ್ ಕೋಡ್ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಅಂಟಿಸಿದೆ. ಲ್ಯಾಮಿನೇಷನ್ ಬೇಕೇ ಬೇಕು, ಇಲ್ಲದಿದ್ದರೆ ಹಿಟ್ಟಿನ ಧೂಳು ಕೂತು ಸ್ಕ್ಯಾನ್ ಆಗಲ್ಲ. ಯುಪಿಐ ಕ್ಯೂಆರ್ ಪಕ್ಕ ಹಾಕಬೇಡಿ, ಜನ ದುಡ್ಡು ಕಳಿಸಕ್ಕೆ ಹೋಗಿ ಇದನ್ನು ಸ್ಕ್ಯಾನ್ ಮಾಡುತ್ತಾರೆ. ನಮ್ಮದು ಕಾಯುವವರು ಕೂರುವ ಬೆಂಚಿನ ಎದುರಿಗಿದೆ. ರಿವ್ಯೂ ಬರೆದರೆ ಅರ್ಧ ಕೆಜಿ ಫ್ರೀ ಅನ್ನುವಂಥದ್ದಕ್ಕೆ ಗೂಗಲ್ ಒಪ್ಪುವುದಿಲ್ಲ. ಮನೆಯವರು, ನೆಂಟರು ಬರೆಯುವುದೂ ಸರಿಯಲ್ಲ. ಚಿಕ್ಕಮ್ಮ ಮೈಸೂರಿನ ಅಕ್ಕನ ಮಕ್ಕಳಿಗೆಲ್ಲ ಹೇಳುತ್ತೇನೆ ಅಂದಾಗ ಬೇಡ ಅಂದೆ. "ಅವರು ನಮ್ಮ ಹಿಟ್ಟು ತಿಂದಿದ್ದಾರಲ್ಲೋ" ಅಂದರು. ನಿಜ. ಆದರೂ ಬೇಡ.

ಆಮೇಲೆ ಆದದ್ದು

ಬೇರೆ ಕಡೆಗಳಲ್ಲೂ ನಂಬರ್, ವಿಳಾಸ ಒಂದೇ ಇರಬೇಕು. ಜಸ್ಟ್‌ಡಯಲ್, ಬಿಂಗ್, ಆ್ಯಪಲ್ ಮ್ಯಾಪ್ ಮೂರರಲ್ಲೂ ಈಗಿನ ಮೊಬೈಲ್ ನಂಬರ್ ಹಾಕಿದೆ. ಇದು ಬೇಸರದ ಕೆಲಸ, ಒಂದು ಸಂಜೆ ಕೂತರೆ ಮುಗಿಯುತ್ತದೆ.

ಪ್ರೊಫೈಲ್ ನಮ್ಮ ಕೈಗೆ ಬಂದ ಮೇಲೆ ಚಿಕ್ಕಪ್ಪನಿಗೆ ಕಾಲ್‌ಗಳು ಶುರುವಾದವು. "ಗೂಗಲ್‌ನಿಂದ ಮಾತಾಡ್ತಿದೀವಿ, ದುಡ್ಡು ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪ್‌ನಿಂದ ಹೋಗುತ್ತೆ" ಅಂತ. ಸುಳ್ಳು. ಮ್ಯಾಪ್‌ನಲ್ಲಿ ಇರುವುದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ. ಅವರು ಓಟಿಪಿ ಕೇಳಿದರೆ ಕೊಡಲೇಬೇಡಿ, ಕೊಟ್ಟರೆ ಪ್ರೊಫೈಲ್ ಮತ್ತೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅಂಗಡಿಯಲ್ಲಿ ಫೋನ್ ತೆಗೆಯುವ ಹುಡುಗನಿಗೂ ಇದನ್ನು ಹೇಳಿಟ್ಟಿದ್ದೇವೆ.

ಪರ್ಫಾರ್ಮೆನ್ಸ್ ಅನ್ನುವ ಕಡೆ ಜನ ಯಾವ ಮಾತು ಹಾಕಿ ಹುಡುಕಿದರು ಅಂತ ತಿಂಗಳಿಗೊಮ್ಮೆ ತೋರಿಸುತ್ತದೆ. ಮೊದಲಿಗೆ ಬಂದದ್ದು ಫ್ಲೋರ್ ಮಿಲ್ ನಿಯರ್ ಮಿ. ಅದರ ಕೆಳಗೆ ಆಟಾ ಚಕ್ಕಿ, ರಾಗಿ ಮಿಲ್, ಖಾರದ ಪುಡಿ ಮಿಲ್, ಆಮೇಲೆ ಕನ್ನಡ ಅಕ್ಷರದಲ್ಲೇ ಹಿಟ್ಟಿನ ಗಿರಣಿ. ಕಡಿಮೆ ಸಲ ಹುಡುಕಿದ್ದಕ್ಕೆ ಸರಿಯಾದ ಲೆಕ್ಕ ಕೊಡದೆ 15ಕ್ಕಿಂತ ಕಡಿಮೆ ಅಂತ ಮಾತ್ರ ತೋರಿಸುತ್ತದೆ, ಕನ್ನಡದ್ದು ಸದ್ಯಕ್ಕೆ ಅಲ್ಲೇ ಇದೆ. ಅದು ಏರುವುದನ್ನು ನೋಡುವ ಆಸೆ ನನಗಿದೆ.

ಪ್ರೊಫೈಲ್‌ನಲ್ಲಿ ಆಗಾಗ ಹಾಕುವ ಅಪ್‌ಡೇಟ್ ಪೋಸ್ಟ್‌ಗಳಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ, ನಿಲ್ಲಿಸಿದೆ. ಕಣ್ಣಿಗೆ ಕಂಡ ಬದಲಾವಣೆ ಫೋನ್‌ನಲ್ಲಿ. ಮೊದಲು "ನಿಮ್ಮ ಅಂಗಡಿ ಎಲ್ಲಿ, ಮ್ಯಾಪ್ ಹಾಕ್ಕೊಂಡು ಬಂದ್ರೂ ಸಿಗ್ತಿಲ್ಲ" ಅನ್ನುವ ಕಾಲ್‌ಗಳೇ ಜಾಸ್ತಿ. ಈಗ "ಕರೆಂಟ್ ಇದ್ಯಾ" ಅಂತ ಕೇಳಿ ಇಟ್ಟುಬಿಡುತ್ತಾರೆ. ಸಂಜೆ ಹೊತ್ತು ಮೆಣಸಿನಕಾಯಿ ತಂದು ವಾಪಸ್ ಹೋಗುವವರು ಕಡಿಮೆ ಆದರು.

ಬಾಕಿ ಇರುವುದು ಒಂದು. ಪ್ರೊಫೈಲ್‌ನ ಪ್ರೈಮರಿ ಓನರ್ (ಮುಖ್ಯ ಮಾಲೀಕ) ಆಗಿ ಅಂಗಡಿಯ ಜಿಮೇಲ್ ಇದೆ, ಅದರ ಪಾಸ್‌ವರ್ಡ್ ಚಿಕ್ಕಮ್ಮನ ಲೆಕ್ಕದ ಪುಸ್ತಕದಲ್ಲಿ ಇದೆ. ನಾನು ಬರೀ ಮ್ಯಾನೇಜರ್. ಚಿಕ್ಕಪ್ಪನ ಮಗಳು ತಾನೇ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ, ಅಂಗಡಿಯ ಜಿಮೇಲ್‌ನಿಂದ ಅವಳನ್ನೂ ಓನರ್ ಆಗಿ ಸೇರಿಸಿದ್ದೇನೆ. ಹೊಸದಾಗಿ ಸೇರಿದವರಿಗೆ ಮೊದಲ 7 ದಿನ ಬೇರೆಯವರನ್ನು ತೆಗೆಯುವಂಥ ಕೆಲಸಕ್ಕೆ ಗೂಗಲ್ ಬಿಡುವುದಿಲ್ಲ. ಅದು ಕಳೆದ ಮೇಲೆ ನನ್ನ ಹೆಸರನ್ನು ಅವಳೇ ತೆಗೆಯಬಹುದು. ಬೇಸಿಗೆಯ ಖಾರದ ಪುಡಿ ಸೀಸನ್‌ಗೆ ಆ ಮಷೀನಿನ ಟೈಮ್ ಸಂಜೆಗೂ ಹಾಕಬೇಕಾ ಅಂತ ಅಪ್ಪ ಮಗಳು ಮಾತಾಡಿಕೊಳ್ಳುತ್ತಿದ್ದಾರೆ, ತೀರ್ಮಾನ ಆದ ದಿನ ವಿವರಣೆಯಲ್ಲಿ ಒಂದು ಸಾಲು ತಿದ್ದಿದರೆ ಆಯಿತು.